ತರಂಗಕ್ಕೂ ಬೇಕು ನೀರುಗಂಟಿ

ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಹೊಲಗದ್ದೆಗಳಿಗೆ ತೊರೆಯ ನೀರನ್ನು ತರುವ ಕಾಲುವೆಗೆ ‘ಕೂಲ್’ ಎಂದು ಹೆಸರು. ಆ ನೀರನ್ನು ಸರದಿಯಂತೆ ಹಂಚುವವನು ‘ಕೋಹ್ಲಿ’. ಕರ್ನಾಟಕದ ಕೆರೆಗಳಿಗೆ ನೀರುಗಂಟಿ ಇದ್ದಂತೆ. ಅದೇ ಕಣಿವೆಯ ಮೇಲಿರುವ ಧರ್ಮಶಾಲೆಯಲ್ಲಿ 2005ರಲ್ಲಿ ಮತ್ತೊಂದು ಬಗೆಯ ಹಂಚಿಕೆ ಆರಂಭವಾಯಿತು.

ಆ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರವು 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಹೊರಾಂಗಣ ಬಳಕೆಗೂ ಪರವಾನಗಿಯಿಂದ ಮುಕ್ತಗೊಳಿಸಿತು. ಫೆಬ್ರವರಿ ಮುಗಿಯುವುದರೊಳಗೆ ಧರ್ಮಶಾಲೆಯ ಎಂಟು ಆವರಣಗಳನ್ನು ವೈರ್‌ಲೆಸ್ ಮೆಶ್ ಜಾಲ ಬೆಸೆಯಿತು. ಇಲ್ಲಿ ಒಂದು ಮಾಡಿನ ರೇಡಿಯೊ ಪಕ್ಕದ ಮಾಡಿಗೆ, ಅದು ಮುಂದಿನದಕ್ಕೆ ಮಾಹಿತಿಯನ್ನು ದಾಟಿಸುತ್ತದೆ. ಒಂದು ಕೊಂಡಿ ಕಡಿದರೆ ಬೇರೆ ಹಾದಿ ಹಿಡಿಯುತ್ತದೆ. ಬೆಟ್ಟ, ಮರ, ಕೈಕೊಡುವ ವಿದ್ಯುತ್ತಿನ ನಡುವೆ ಈ ಗುಣ ಅಮೂಲ್ಯ. ಆದರೆ ಕೇಂದ್ರಗಳ ಸಂಖ್ಯೆ ಮೂವತ್ತನ್ನು ಮೀರಿದಾಗಲೂ ಅವೆಲ್ಲ ಒಂದೇ ಚಾನೆಲನ್ನು ಹಂಚಿಕೊಂಡಿದ್ದವು.

ಒಂದೇ ಚಾನೆಲ್ ಎಂದರೆ ಒಂದೇ ಕಾಲುವೆ. ಒಬ್ಬರು ನುಡಿಯುವಾಗ ಕೇಳುವಷ್ಟು ಹತ್ತಿರದವರೆಲ್ಲ ಸುಮ್ಮನಿರಬೇಕು. ಒಂದೇ ರೇಡಿಯೊ ಉಳ್ಳ ಕೇಂದ್ರವು ಏಕಕಾಲದಲ್ಲಿ ಪಡೆಯಲೂ ಕಳುಹಿಸಲೂ ಆರದು. ಆದ್ದರಿಂದ ಎರಡನೆಯ ಕೊಂಡಿ ದಾಟುವಾಗ ವೇಗ ಸುಮಾರು ಅರ್ಧಕ್ಕೆ, ಮೂರನೆಯದರಲ್ಲಿ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕಾಲುವೆಯ ಕೊನೆ ಭಾಗದ ರೈತನ ಪಾಡೇ ಜಾಲದ ಕೊನೆಯ ಮನೆಯದೂ. ಇದು ಯಂತ್ರದ ದೋಷಕ್ಕಿಂತ ಹೆಚ್ಚಾಗಿ ಹಂಚಿಕೆಯ ದೋಷ.

2.4ರ ಪಟ್ಟಿಯಲ್ಲಿ ಹದಿಮೂರು ಚಾನೆಲ್‌ಗಳಿವೆ ಎಂದು ಹಿಗ್ಗಬೇಕಿಲ್ಲ. ಅವುಗಳ ನಡುವಿನ ಅಂತರ 5 ಮೆಗಾಹರ್ಟ್ಸ್. ಒಂದೊಂದು ಪ್ರಸಾರ ಹರಡುವುದು ಸುಮಾರು 20. ಒಂದಕ್ಕೊಂದು ತಾಗದೆ ಒಟ್ಟಿಗೆ ಬಳಸಬಲ್ಲವು 1, 6, 11 ಎಂಬ ಮೂರೇ. ಪರಸ್ಪರ ಮಾತನಾಡಲು ಒಂದೇ ಚಾನೆಲ್ ಬೇಕು. ಅಡ್ಡಿ ತಪ್ಪಿಸಲು ಬೇರೆ ಚಾನೆಲ್ ಬೇಕು. ಈ ಇಕ್ಕಟ್ಟಿಗೆ ಎರಡು ರೇಡಿಯೊಗಳೇ ಪರಿಹಾರ: ಕೇಂದ್ರಗಳ ನಡುವಿನ ಕೊಂಡಿಗೆ, 2018ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ವಿಸ್ತಾರವಾಗಿ ಮುಕ್ತಗೊಂಡ 5 ಗಿಗಾಹರ್ಟ್ಸ್ ಪಟ್ಟಿ, ಸುತ್ತಲ ಮನೆಗಳಿಗೆ 2.4.

ಚಾನೆಲನ್ನು ಯಂತ್ರವೇ ಆರಿಸಿಕೊಳ್ಳಲಿ ಎಂಬ ವಾದವುಂಟು. ಆದರೆ ಯಂತ್ರವು ತನ್ನ ಕಿವಿಗೆ ಬಿದ್ದುದನ್ನಷ್ಟೇ ಅರಿಯುತ್ತದೆ. ಗುಡ್ಡದ ಎರಡು ಮಗ್ಗುಲ ಕೇಂದ್ರಗಳು ಪರಸ್ಪರ ಕೇಳಿಸಿಕೊಳ್ಳದೆ ಒಂದೇ ಚಾನೆಲ್ ಹಿಡಿದರೆ, ಎರಡನ್ನೂ ಕೇಳುವ ಕಣಿವೆಯ ಮನೆಗೆ ದಕ್ಕುವುದು ಬರೀ ಗದ್ದಲ. ಪರವಾನಗಿರಹಿತ ಪಟ್ಟಿಯಲ್ಲಿ ಇಂತಹ ಅಡ್ಡಿಯ ವಿರುದ್ಧ ಕಾನೂನಿನ ರಕ್ಷಣೆಯೂ ಇಲ್ಲ. ಒಬ್ಬನು ಪ್ರಸಾರಶಕ್ತಿಯನ್ನು ಏರಿಸಿದರೆ ನೆರೆಯವನೂ ಏರಿಸುತ್ತಾನೆ. ಕೊಳವೆಬಾವಿಗಳ ಪೈಪೋಟಿಯಲ್ಲಿ ಅಂತರ್ಜಲಕ್ಕೆ ಒದಗಿದ ಗತಿಯೇ ಇದಕ್ಕೂ ಒದಗುತ್ತದೆ.

ಆದ್ದರಿಂದ ಜಾಲ ಕಟ್ಟುವ ಬೆಟ್ಟದೂರು ಉಪಕರಣ ಕೊಳ್ಳುವ ಮುನ್ನ ನಕ್ಷೆ ಬರೆಯಲಿ. ಒಂದರ ಸದ್ದು ಇನ್ನೊಂದಕ್ಕೆ ಕೇಳುವ, ಅಥವಾ ಎರಡರ ಸದ್ದೂ ಒಂದೇ ಮನೆಗೆ ಮುಟ್ಟುವ ಕೇಂದ್ರಗಳ ನಡುವೆ ಗೆರೆಯೆಳೆಯಲಿ. ಗೆರೆ ಕೂಡಿದ ಎರಡಕ್ಕೆ ಒಂದೇ ಬಣ್ಣ ಬಾರದಂತೆ ಮೂರು ಬಣ್ಣ ತುಂಬುವ ಕೆಲಸವನ್ನು ಶಾಲೆಯ ಮಕ್ಕಳೂ ಮಾಡಬಲ್ಲರು. ಬಣ್ಣ ಸಾಲದಿದ್ದೆಡೆ ಶಕ್ತಿಯನ್ನು ತಗ್ಗಿಸಲಿ. ದಟ್ಟ ಗುಡ್ಡ ಮರೆಮಾಡಿದ ಕಡೆ ಅದೇ ಚಾನೆಲನ್ನು ಮತ್ತೆ ಬಳಸಲಿ. ಈ ನಕ್ಷೆಯನ್ನು ಕಾಯುವ ಹೊಣೆ ಊರೇ ನೇಮಿಸಿದ ಒಬ್ಬರದಾಗಲಿ. ನೀರಿಗೆ ಸರದಿ ಕಲಿಸಿದ ಊರುಗಳಿಗೆ ಇದು ಹೊಸ ವಿದ್ಯೆಯೇನಲ್ಲ.