ನೆಲದ ಮ್ಯಾಲಿನ ಹಡಗಿಗೂ ಹೆಸರು ಬೇಕ್ರಿ

ಹೋದ ರಜೆಗೆ ಬೆಟಗೇರಿಗೆ ಹೋದಾಗ ಮನ್ಯಾಗ ಒಂದು ಸಣ್ಣ ಗದ್ದಲ ನಡೆದಿತ್ತು. ಕಾಕಾನ ಮಗ ನೌಕಾಪಡೆಯ ಅಗ್ನಿವೀರನಾಗಿ ಆಯ್ಕೆಯಾಗಿದ್ದ. ತರಬೇತಿಗೆ ಬರಬೇಕಾದ ಜಾಗ 'ಐಎನ್‌ಎಸ್ ಚಿಲ್ಕಾ' ಅಂತ ಪತ್ರದಲ್ಲಿತ್ತು. ಚಿಗವ್ವ ಅಳೋದೊಂದೇ ಬಾಕಿ. "ಸಮುದ್ರಾನ ನೋಡದ ಹುಡುಗನ್ನ ಮೊದಲನೇ ದಿನಾನ ಹಡಗಿನ್ಯಾಗ ಹಾಕ್ತಾರಂತ!" ಕಾಕಾ ಮಗ್ಗ ನಿಲ್ಲಿಸಿ ನನ್ನ ಕಡೆ ನೋಡಿದ. "ಇಂಜಿನಿಯರಿಂಗ್ ಓದಾಕತ್ತಿ. ಹೇಳಪಾ, ಇದು ಎಂಥಾ ಹಡಗು?"

ನನಗೂ ಗೊತ್ತಿರಲಿಲ್ಲ. ಫೋನ್‌ನ್ಯಾಗ ಹುಡುಕಿ ಹೇಳಿದೆ: ಇದು ಹಡಗಲ್ಲ, ಒಡಿಶಾದ ಚಿಲಿಕಾ ಸರೋವರದ ದಂಡಿಗೆ ಇರೋ ತರಬೇತಿ ಕೇಂದ್ರ, 1980ರಿಂದ ಐತಿ. ಚಿಗವ್ವ ಸಮಾಧಾನ ಆದಳು. ಆದರೆ ಒಂದು ಪ್ರಶ್ನೆ ಕೇಳಿದಳು: "ಸಾಲಿಗೆ ಸಾಲಿ ಅನ್ನೋದು ಬಿಟ್ಟು ಹಡಗು ಯಾಕ ಅಂತಾರ?"

ಈ ಪ್ರಶ್ನೆಗೆ ಉತ್ತರ ಇಂಗ್ಲೆಂಡಿನಲ್ಲಿದೆ. ಹಳೇ ಬ್ರಿಟಿಷ್ ನೌಕಾಪಡೆಯಲ್ಲಿ ಶಿಸ್ತಿನ ಕಾನೂನು ಅನ್ವಯವಾಗಬೇಕಾದರೆ ನಾವಿಕನ ಹೆಸರು ಯಾವುದಾದರೊಂದು ಹಡಗಿನ ದಾಖಲೆಯಲ್ಲಿ ಇರಬೇಕಿತ್ತು. ಹಾಗಾಗಿ ದಡದ ಮೇಲಿನ ಕೇಂದ್ರಗಳನ್ನೂ ಹಡಗು ಎಂದೇ ಲೆಕ್ಕ ಹಿಡಿದರು. ಇನ್ನು ಕೆಲವು ಶಾಲೆಗಳು ಶುರುವಾಗಿದ್ದೇ ಹಳೇ ಹಡಗುಗಳಲ್ಲಿ. 1830ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ 'ಎಕ್ಸಲೆಂಟ್' ಎಂಬ ಹಡಗಿನಲ್ಲಿ ಫಿರಂಗಿ ಶಾಲೆ ಆರಂಭವಾಯಿತು. ಮುಂದೆ ಶಾಲೆ ದಡಕ್ಕೆ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು.

ಆ ಪದ್ಧತಿ ನಮಗೂ ಬಂತು. ಜಾಮ್‌ನಗರದ ವಲ್ಸುರಾ 1942ರದ್ದು, ಲೋನಾವಳಾದ ಶಿವಾಜಿ 1945ರದ್ದು. ನಮ್ಮಲ್ಲಿ ಬಿ.ಇ. ಮುಗಿಸಿ ನೌಕಾಪಡೆಯ ತಾಂತ್ರಿಕ ಅಧಿಕಾರಿಯಾಗುವವರು ಕಲಿಯೋದು ಇಲ್ಲೇ: ಎಂಜಿನ್ ಕಡೆಯವರು ಶಿವಾಜಿಯಲ್ಲಿ, ಎಲೆಕ್ಟ್ರಿಕಲ್ ಕಡೆಯವರು ವಲ್ಸುರಾದಲ್ಲಿ. ವ್ಯಾಪಾರಿ ಹಡಗಿನವರದ್ದೂ ಇದೇ ಕಥೆ. ಮುಂಬೈಯ 'ಡಫರಿನ್' 1927ರಿಂದ 1972ರವರೆಗೆ ನೀರಿನ ಮೇಲಿದ್ದ ತರಬೇತಿ ಹಡಗು. ಅದರ ಜಾಗಕ್ಕೆ 'ರಾಜೇಂದ್ರ' ಬಂತು. 1993ರಲ್ಲಿ ಬಂದ 'ಟಿ.ಎಸ್. ಚಾಣಕ್ಯ' ಮಾತ್ರ ನವಿ ಮುಂಬೈಯ ನೆರೂಳ್‌ನಲ್ಲಿರುವ ಕಟ್ಟಡ. ಆದರೂ ಟಿ.ಎಸ್. ಅಂದರೆ ಟ್ರೇನಿಂಗ್ ಶಿಪ್ಪೇ!

ನಮ್ಮ ಹಾಸ್ಟೆಲ್‌ನಲ್ಲಿ ಇದನ್ನು ಹೇಳಿದಾಗ ಒಬ್ಬ ನಕ್ಕ. "ಬ್ರಿಟಿಷರು ಹೋದ್ರೂ ಅವರ ನಾಟಕ ಹೋಗ್ಲಿಲ್ಲ ನೋಡು. ಮ್ಯಾಲೆ ಒಂದೇ ಹೆಸರು ಹತ್ತು ಕಡೆ ಇಟ್ಟು ತಲಿ ಕೆಡಿಸ್ತಾರ." ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. 'ಐಎನ್‌ಎಸ್ ಮೈಸೂರು' ಅಂದರೆ ಯಾವುದು? 1957ರಲ್ಲಿ ನಮ್ಮ ನೌಕಾಪಡೆ ಸೇರಿದ ಕ್ರೂಸರೋ, 1999ರಲ್ಲಿ ಸೇರಿದ ಡಿಸ್ಟ್ರಾಯರೋ? ಮೊದಲನೆಯದು ಬ್ರಿಟನ್ನಿನಿಂದ ಕೊಂಡದ್ದು, ಅಲ್ಲಿ ಅದರ ಹೆಸರು 'ನೈಜೀರಿಯಾ'. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಮುಂದಾಳು ಹಡಗಾಗಿತ್ತು. 1985ರಲ್ಲಿ ನಿವೃತ್ತಿಯಾಯಿತು. ಎರಡನೆಯದು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ನಾವೇ ಕಟ್ಟಿದ್ದು. ಮೊದಲಿನದರ ಸಂಖ್ಯೆ ಸಿ60, ಇದರದ್ದು ಡಿ60.

ಆದರೆ ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡೋದಿಲ್ಲೇನು? ಒಂದೇ ಮನೆಯಲ್ಲಿ ಹಿರೇ ಶಿವಪ್ಪ, ಸಣ್ಣ ಶಿವಪ್ಪ ಇರ್ತಾರೆ. ಯಾರೂ ತಲೆ ಕೆಡಿಸಿಕೊಳ್ಳಲ್ಲ. ಯಾಕಂದ್ರೆ ಮನೆಯವರಿಗೆ ಇಬ್ಬರ ಕಥೆಯೂ ಗೊತ್ತಿರುತ್ತೆ. ಹಾಗಾಗಿ ನನ್ನ ವಾದ ಇಷ್ಟೇ: ಹೆಸರು ಮತ್ತೆ ಮತ್ತೆ ಇಡಲಿ, ಹಡಗಿಗೂ ಇಡಲಿ, ದಡದ ಶಾಲೆಗೂ ಇಡಲಿ. ಆದರೆ ಆ ಹೆಸರಿನ ಕಥೆ ನಮ್ಮ ಭಾಷೆಯಲ್ಲಿ ನಮಗೆ ಸಿಗಬೇಕು. ಕಥೆ ಗೊತ್ತಿಲ್ಲದಿದ್ದರೆ ಹೆಸರು ಚಿಗವ್ವನನ್ನು ಹೆದರಿಸಿದ ಹಾಗೆ ಹೆದರಿಸುತ್ತದೆ.

'ಕೃಷ್ಣಾ' ಹೆಸರನ್ನೇ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ 'ಕಿಸ್ಟ್ನಾ' ಎಂಬ ಸ್ಲೂಪ್ ಇತ್ತು, ನದಿಯ ಹೆಸರನ್ನು ಬ್ರಿಟಿಷರು ಬರೆಯುತ್ತಿದ್ದದ್ದೇ ಹಾಗೆ. ಮುಂದೆ ಅದು 'ಕೃಷ್ಣಾ' ಆಯಿತು. 1995ರಲ್ಲಿ ಬ್ರಿಟನ್ನಿನ 'ಆಂಡ್ರೊಮಿಡಾ' ಬಂದು 'ಕೃಷ್ಣಾ' ಎಂಬ ತರಬೇತಿ ಹಡಗಾಯಿತು. 2025ರಲ್ಲಿ ಚೆನ್ನೈ ಹತ್ತಿರದ ಕಾಟ್ಟುಪಳ್ಳಿಯಲ್ಲಿ ನೀರಿಗಿಳಿದ ಹೊಸ ತರಬೇತಿ ಹಡಗಿಗೂ ಇದೇ ಹೆಸರು. ನಮ್ಮ ಜಿಲ್ಲೆಯ ಉತ್ತರಕ್ಕೆ ಮಲಪ್ರಭಾ, ದಕ್ಷಿಣಕ್ಕೆ ಶಿರಹಟ್ಟಿ, ಮುಂಡರಗಿ ಕಡೆ ತುಂಗಭದ್ರಾ. ಎರಡೂ ಕೊನೆಗೆ ಸೇರೋದು ಕೃಷ್ಣೆಯನ್ನೇ. ಸಮುದ್ರ ನಮ್ಮದಲ್ಲ ಅನ್ನೋ ಗದಗ ಹುಡುಗರಿಗೆ ಈ ಸಂಗತಿ ಯಾರು ಹೇಳಿದ್ದಾರೆ?

ಕಥೆ ಹೇಳುವುದಾದರೆ ಪೂರ್ತಿ ಹೇಳಬೇಕು. ಕಾರವಾರದ ನೌಕಾನೆಲೆಗೆ 2005ರಲ್ಲಿ 'ಐಎನ್‌ಎಸ್ ಕದಂಬ' ಅಂತ ಹೆಸರಿಟ್ಟರು. ಬನವಾಸಿ ಇರುವುದೂ ಅದೇ ಜಿಲ್ಲೆಯಲ್ಲಿ, ಹೆಸರು ಚೆನ್ನಾಗಿ ಒಪ್ಪಿತು. ಆದರೆ ಆ ನೆಲೆಗಾಗಿ ಕಾರವಾರ, ಅಂಕೋಲಾ ಭಾಗದ ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟು ಎದ್ದವು. ರಾಜವಂಶದ ಹೆಮ್ಮೆ ಹೇಳುವಾಗ ಅವರನ್ನು ಬಿಟ್ಟು ಹೇಳಿದರೆ ಅದು ಅರ್ಧ ಕಥೆ.

ಪ್ಲೇಸ್‌ಮೆಂಟ್ ನೋಟಿಸ್ ಬೋರ್ಡಿನಲ್ಲಿ ನೌಕಾಪಡೆಯ ಪ್ರಕಟಣೆ ಬಂದರೆ ನಾವು ಸಂಬಳ, ವಯಸ್ಸು ಎರಡೇ ನೋಡಿ ಮುಂದೆ ಹೋಗ್ತೀವಿ. ನಮ್ಮ ಸಂಘ ಅದರ ಪಕ್ಕ ಒಂದು ಪುಟ ಕನ್ನಡದಲ್ಲಿ ಅಂಟಿಸಲಿ: ಶಿವಾಜಿ ಎಲ್ಲಿದೆ, ವಲ್ಸುರಾ ಏನು, ಮನೆಗೆ ಹೇಗೆ ಹೇಳಬೇಕು. ಮೊದಲ ಪುಟ ಬರೆಯಾಕ ನಾ ತಯಾರಿದ್ದೀನಿ.

ಮೊನ್ನೆ ತಮ್ಮ ಚಿಲ್ಕಾದಿಂದ ಫೋನ್ ಮಾಡಿದ್ದ. ಅಲ್ಲಿ ಗೇಟಿನಿಂದ ಹೊರಗೆ ಹೋಗೋದಕ್ಕೆ 'ದಡಕ್ಕೆ ಹೋಗೋದು' ಅಂತಾರಂತೆ. ಚಿಗವ್ವ ಈಗ ಓಣಿಯಲ್ಲಿ ಎಲ್ಲರಿಗೂ ಹೇಳ್ತಾಳೆ: "ನಮ್ಮ ಹುಡುಗ ಹಡಗಿನ್ಯಾಗ ಅದಾನ್ರಿ. ಹಡಗು ನೆಲದ ಮ್ಯಾಲೈತಿ, ಅಂಜಬ್ಯಾಡ್ರಿ."