ಹೆಣದ ಬಂಡಿಯಲ್ಲಿ ಬಂದ ಆರ್ಗನ್

ಅಮೆರಿಕದ ಜಾಝ್ ವಾದಕರಲ್ಲಿ ಕೆಲವರು ಒಂದು ಕಾಲದಲ್ಲಿ ಹಳೆಯ ಶವವಾಹನಗಳನ್ನು ಹುಡುಕಿ ಕೊಳ್ಳುತ್ತಿದ್ದರೆಂದರೆ ವಾಚಕರು ಹುಬ್ಬೇರಿಸಬಹುದು. ಅದರಲ್ಲಿ ವೇದಾಂತವೇನೂ ಇರಲಿಲ್ಲ. ಅವರು ನುಡಿಸುತ್ತಿದ್ದ ಹ್ಯಾಮಂಡ್ ಆರ್ಗನ್ನು ಬೇರೆ ಯಾವ ಮೋಟಾರಿನೊಳಗೂ ಹಿಡಿಸುತ್ತಿರಲಿಲ್ಲ. ಆಳುದ್ದದ ಪೆಟ್ಟಿಗೆಯನ್ನು ಹಿಂಬಾಗಿಲಿನಿಂದ ಸಲೀಸಾಗಿ ಒಳಕ್ಕೆ ಜಾರಿಸುವ ಏರ್ಪಾಡು ಇದ್ದದ್ದು ಆ ಬಂಡಿಯಲ್ಲಿ ಮಾತ್ರ. ರಾತ್ರಿಯ ಕಚೇರಿಗೆಂದು ಸಂಗೀತ ಮಂದಿರದ ಮುಂದೆ ಅಂಥ ಬಂಡಿ ಬಂದು ನಿಂತಾಗ ದಾರಿಹೋಕರ ಮುಖ ಹೇಗಾಗುತ್ತಿದ್ದಿತೆಂಬುದನ್ನು ಯಾರಾದರೂ ಊಹಿಸಿಕೊಳ್ಳಬಹುದು.

ಆ ವಾದ್ಯದ ಭಾರವಾದರೂ ಎಷ್ಟು? 1954ರಿಂದ 1974ರವರೆಗೆ ತಯಾರಾದ ಬಿ-3 ಎಂಬ ಮಾದರಿ, ಕುಳಿತುಕೊಳ್ಳುವ ಪೀಠವನ್ನೂ ಕಾಲಿನಿಂದ ನುಡಿಸುವ ಮನೆಗಳನ್ನೂ ಸೇರಿಸಿ, ಸುಮಾರು 190 ಕಿಲೋಗ್ರಾಂ ತೂಗುತ್ತಿದ್ದಿತು. ಎರಡು ಅಕ್ಕಿ ಮೂಟೆಗಳನ್ನು ಮಹಡಿಗೆ ಹೊತ್ತವರಿಗೆ ಇದರ ಅರ್ಥ ಬೇಗನೆ ಆದೀತು. ಅದರೊಂದಿಗೆ ಬೀರುವಿನಂತಹ ಧ್ವನಿಪೆಟ್ಟಿಗೆಯೊಂದು ಬೇರೆ; ಅದರ ತೂಕ 60 ಕಿಲೋವಿಗೂ ಮಿಕ್ಕದ್ದು. ಪಿಟೀಲಿನವನು ತನ್ನ ವಾದ್ಯವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆ ಸೇರಿ ಊಟ ಮುಗಿಸುವ ಹೊತ್ತಿಗೆ ಆರ್ಗನ್ ವಾದಕನು ಇನ್ನೂ ನಾಲ್ಕು ಮಂದಿ ಆಳುಗಳಿಗಾಗಿ ಮೆಟ್ಟಿಲ ಮೇಲೆ ಕಾಯುತ್ತಿರುತ್ತಿದ್ದನು.

ಇಷ್ಟು ಭಾರವನ್ನು ಹುಟ್ಟಿಸಿದ ಲಾರೆನ್ಸ್ ಹ್ಯಾಮಂಡ್ ಮಹಾಶಯನು ಸಂಗೀತಗಾರನಲ್ಲ, ಗಡಿಯಾರಗಳನ್ನು ಮಾಡಿ ಮಾರುತ್ತಿದ್ದವನು. ವಿದ್ಯುತ್ತಿನ ಕಂಪನಕ್ಕೆ ಹೆಜ್ಜೆ ಹೊಂದಿಸಿಕೊಂಡು ತಪ್ಪದೆ ಒಂದೇ ವೇಗದಲ್ಲಿ ತಿರುಗುವ ಮೋಟಾರು ಅವನ ಗಡಿಯಾರದ ಜೀವಾಳ. ಅದೇ ಮೋಟಾರಿಗೆ ಹಲ್ಲುಗಳುಳ್ಳ ಉಕ್ಕಿನ ಗಾಲಿಗಳನ್ನು ಜೋಡಿಸಿ, ಪ್ರತಿ ಗಾಲಿಯ ಬಳಿಯೂ ಒಂದು ಅಯಸ್ಕಾಂತವನ್ನು ಇಟ್ಟರೆ, ಹಲ್ಲು ಹಾದುಹೋದಂತೆಲ್ಲ ತಂತಿಯ ಸುರುಳಿಯಲ್ಲಿ ವಿದ್ಯುತ್ತಿನ ಅಲೆ ಏಳುತ್ತದೆ. ಆ ಅಲೆಯೇ ಸ್ವರ. ಬಿ-3ರಲ್ಲಿ ಇಂತಹ 91 ಗಾಲಿಗಳು ಸದಾ ತಿರುಗುತ್ತಿರುತ್ತವೆ. ಬೆರಳಿಟ್ಟಾಗ ಹುಟ್ಟುವುದು ನಾದವಲ್ಲ, ಹುಟ್ಟಿಕೊಂಡೇ ಇರುವ ನಾದಕ್ಕೆ ಬಾಗಿಲು ತೆರೆಯುತ್ತದೆ, ಅಷ್ಟೆ. ಸ್ವರಗಳನ್ನು ಎಷ್ಟೆಷ್ಟು ಬೆರೆಸಬೇಕೆಂಬುದನ್ನು ಒಂಬತ್ತು ಎಳೆಗೋಲುಗಳು ನಿರ್ಧರಿಸುತ್ತವೆ. ಅಡಿಗೆಯವನು ಹುಳಿಗೆ ಉಪ್ಪು, ಖಾರ, ಬೆಲ್ಲವನ್ನು ಹದಮಾಡುವಂತೆ ವಾದಕನು ನುಡಿಸುತ್ತಲೇ ಅವನ್ನು ಎಳೆದು ನೂಕಿ ಹದಮಾಡುತ್ತಾನೆ.

1935ರಲ್ಲಿ ಈ ವಾದ್ಯವು ಪೇಟೆಗೆ ಬಂದಾಗ ಇದನ್ನು ಕೊಂಡವರಲ್ಲಿ ಇಗರ್ಜಿಗಳು ಬಹಳ. ದೊಡ್ಡ ಕೊಳವೆ ಆರ್ಗನ್ನಿಗೆ ಹಣವಿಲ್ಲದ ಸಣ್ಣ ಊರಿನ ದೇವಮಂದಿರಕ್ಕೆ ಇದೊಂದು ವರವೇ ಆಯಿತು. ಕೊಳವೆ ಆರ್ಗನ್ನಿಗೆ ಇದು ಸರಿಸಮಾನವೆಂದು ಹ್ಯಾಮಂಡನ ಕಂಪೆನಿ ಸಾರಿಕೊಂಡದ್ದರಿಂದ ಸರಕಾರದ ವಾಣಿಜ್ಯ ಆಯೋಗದ ಮುಂದೆ ವಿಚಾರಣೆಯೂ ನಡೆಯಿತು. ಷಿಕಾಗೊ ವಿಶ್ವವಿದ್ಯಾಲಯದ ಇಗರ್ಜಿಯಲ್ಲಿ ಎರಡು ವಾದ್ಯಗಳನ್ನೂ ಮರೆಯಿಂದ ನುಡಿಸಿ ಕೇಳುಗರಿಗೆ ಪರೀಕ್ಷೆ ಇಟ್ಟರು. ಸುಮಾರು ಮೂರರಲ್ಲಿ ಒಂದು ಸಲ ಕೇಳುಗರ ಊಹೆ ತಪ್ಪಿತು! ಹೀಗಿದ್ದರೂ 1938ರಲ್ಲಿ ಆಯೋಗವು ಕಂಪೆನಿಯ ಕೆಲವು ಹೇಳಿಕೆಗಳಿಗೆ ತಡೆ ಹಾಕಿತು. ತಡೆಯಿಂದ ವಾದ್ಯಕ್ಕೆ ನಷ್ಟವಾಯಿತೆನ್ನುವಂತಿಲ್ಲ. ಊರೆಲ್ಲ ಅದರ ಮಾತೇ ಆಯಿತು.

ಈಗ ಕಥೆಯ ಸ್ವಾರಸ್ಯವಾದ ಭಾಗ. ಡಾನ್ ಲೆಸ್ಲಿ ಎಂಬ ಕ್ಯಾಲಿಫೋರ್ನಿಯದ ಯುವಕನಿಗೆ ಅಂಗಡಿಯ ಹಜಾರದಲ್ಲಿ ಕೇಳಿದ ಹ್ಯಾಮಂಡ್ ಬಹು ಇಂಪೆನಿಸಿತು. ಮನೆಯ ಸಣ್ಣ ಕೋಣೆಯಲ್ಲಿ ಅದೇ ವಾದ್ಯ ಸಪ್ಪೆಯೆನಿಸಿತು. ದೊಡ್ಡ ಕಟ್ಟಡದಲ್ಲಿ ಧ್ವನಿ ನಾನಾ ದಿಕ್ಕುಗಳಿಂದ ಮರಳಿ ಬರುವುದರಿಂದಲೇ ಅದಕ್ಕೆ ಜೀವವೆಂದು ಅವನು ತರ್ಕಿಸಿ, ಧ್ವನಿವರ್ಧಕದ ಕಹಳೆಯನ್ನೇ ಗಿರಗಿರನೆ ತಿರುಗಿಸುವ ಪೆಟ್ಟಿಗೆಯೊಂದನ್ನು ಕಟ್ಟಿದನು. ರೈಲಿನ ಸಿಳ್ಳು ಹತ್ತಿರ ಬರುವಾಗ ಏರಿ, ದೂರ ಹೋಗುವಾಗ ಇಳಿಯುವುದನ್ನು ಎಲ್ಲರೂ ಕೇಳಿದ್ದಾರೆ. ತಿರುಗುವ ಕಹಳೆಯಿಂದ ಬರುವ ಸ್ವರವೂ ಹಾಗೆಯೇ ಕ್ಷಣಕ್ಷಣಕ್ಕೂ ಅಲೆಯಾಡುತ್ತದೆ. ಲೆಸ್ಲಿ ತನ್ನ ಪೆಟ್ಟಿಗೆಯನ್ನು ಹ್ಯಾಮಂಡನ ಕಂಪೆನಿಗೆ ತೋರಿಸಿದರೆ ಅಲ್ಲಿ ಮನ್ನಣೆ ದೊರೆಯಲಿಲ್ಲ. ಹ್ಯಾಮಂಡನಿಗೆ ಅದನ್ನು ಕಂಡರಾಗದು. ಲೆಸ್ಲಿಯಾದರೋ 1941ರ ಸುಮಾರಿಗೆ ತಾನೇ ತಯಾರಿಕೆಗೆ ನಿಂತನು. ವಾದಕರು ಎರಡನ್ನೂ ಜೋಡಿಸಿ ಗಂಡಹೆಂಡಿರನ್ನಾಗಿ ಮಾಡಿಬಿಟ್ಟರು. ಬೀಗರ ಜಗಳ ಮಾತ್ರ ದಶಕಗಳ ಕಾಲ ನಡೆಯಿತು. ಕಟ್ಟಕಡೆಗೆ 1980ರಲ್ಲಿ, ಹ್ಯಾಮಂಡನು ತೀರಿಕೊಂಡು ಏಳು ವರ್ಷಗಳಾದ ಮೇಲೆ, ಅವನ ಹೆಸರಿನ ಕಂಪೆನಿಯೇ ಲೆಸ್ಲಿಯ ಹೆಸರನ್ನು ಹಣಕೊಟ್ಟು ಕೊಂಡಿತು.

ಹ್ಯಾಮಂಡನ ಯಂತ್ರಜ್ಞರನ್ನು ಕಾಡಿದ ಮತ್ತೊಂದು ದೋಷವುಂಟು. ಪ್ರತಿಯೊಂದು ಮನೆಯ ಕೆಳಗೂ ಒಂಬತ್ತು ಲೋಹದ ಸ್ಪರ್ಶಗಳಿದ್ದು, ಬೆರಳಿಟ್ಟಾಗ ಅವು ಒಟ್ಟಿಗೆ ಕೂಡದೆ ಒಂದರ ಹಿಂದೊಂದು ಕೂಡುವುದರಿಂದ ‘ಟಿಕ್’ ಎಂಬ ಸಣ್ಣ ಸದ್ದು ಬರುತ್ತಿದ್ದಿತು. ಅದನ್ನು ಅಡಗಿಸಲು ಯಂತ್ರಜ್ಞರು ಪಟ್ಟ ಪಾಡು ಅಷ್ಟಿಷ್ಟಲ್ಲ. ಪೆನ್ಸಿಲ್ವೇನಿಯದ ಜಿಮ್ಮಿ ಸ್ಮಿತ್ ಆರ್ಗನ್ನನ್ನು ಕೊಂಡು ಉಗ್ರಾಣವೊಂದರಲ್ಲಿ ಇರಿಸಿ ತಿಂಗಳುಗಟ್ಟಲೆ ಏಕಾಂತ ಸಾಧನೆ ಮಾಡಿ, 1956ರಲ್ಲಿ ಧ್ವನಿಮುದ್ರಿಕೆಗಳ ಮೂಲಕ ಹೊರಬಂದಾಗ, ಜಾಝ್ ರಸಿಕರ ಮನಸ್ಸನ್ನು ಸೆಳೆದವುಗಳಲ್ಲಿ ಈ ‘ಟಿಕ್’ ಕೂಡ ಒಂದು. ಮೃದಂಗದ ಮೇಲೆ ಬೆರಳು ಬಿದ್ದಂತೆ ಅದು ಲಯಕ್ಕೆ ಮೊನೆ ಕೊಟ್ಟಿತು. ಯಂತ್ರಜ್ಞನಿಗೆ ಮೈಲಿಗೆಯಾದದ್ದು ವಾದಕನಿಗೆ ಮಡಿಯಾಯಿತು.

ಆದರೆ ಊರೂರು ತಿರುಗುವವನ ಕಷ್ಟಗಳು ಇಂಪಿನಿಂದ ತೀರುವವಲ್ಲ. ಗಾಲಿಗಳ ವೇಗ ಊರಿನ ವಿದ್ಯುತ್ತನ್ನು ನಂಬಿಕೊಂಡಿದ್ದಿತಷ್ಟೆ? ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಕಂಪನಗಳದ್ದು, ಯುರೋಪಿನದು 50. ಅಮೆರಿಕದಲ್ಲಿ ಕೊಂಡದ್ದನ್ನು ಹಾಗೆಯೇ ಲಂಡನ್ನಿನಲ್ಲಿ ಜೋಡಿಸಿದರೆ ಶ್ರುತಿ ಪಾತಾಳಕ್ಕೆ ಇಳಿದೀತು. ಬಯಲು ಕಚೇರಿಯಲ್ಲಿ ಎಣ್ಣೆಯ ಜನರೇಟರು ಕೊಂಚ ಬಳಲಿದರೂ ಆರ್ಗನ್ನು ಬಳಲುತ್ತಿದ್ದಿತು. ಪಕ್ಕದ ಗಿಟಾರಿನವನು ತನ್ನ ತಂತಿಗಳನ್ನು ಸಡಿಲಿಸುತ್ತ ಅದರ ಹಿಂದೆ ಓಡಬೇಕು.

1970ರ ವೇಳೆಗೆ ಒಂದು ಆರ್ಗನ್ನು ಸಾಲದೆಂಬ ಕಾಲ ಬಂದಿತು. ಬರ್ಮಿಂಗ್‌ಹ್ಯಾಮಿನಲ್ಲಿ 1963ರಿಂದ ತಯಾರಾಗುತ್ತಿದ್ದ ಮೆಲೋಟ್ರಾನ್ ಎಂಬ ವಾದ್ಯದಲ್ಲಿ ಒಂದೊಂದು ಮನೆಯ ಅಡಿಯಲ್ಲೂ ಒಂದೊಂದು ಟೇಪಿನ ಪಟ್ಟಿ. ಅದರಲ್ಲಿ ನಿಜವಾದ ಕೊಳಲಿನ, ಪಿಟೀಲುಗಳ ನಾದ. ಎಂಟು ಸೆಕೆಂಡುಗಳಾಗುತ್ತಲೇ ಟೇಪು ಮುಗಿದು ನಾದ ನಿಲ್ಲುವುದು. ವಾದಕನು ಅಷ್ಟರೊಳಗೆ ಬೆರಳನ್ನು ಎತ್ತಿಬಿಡಬೇಕು. ರಾಬರ್ಟ್ ಮೂಗ್ ಎಂಬಾತನ ‘ಮಿನಿಮೂಗ್’ 1970ರಲ್ಲಿ ಸಿದ್ಧವಾಯಿತು. ಸೂಟ್‌ಕೇಸಿನಂತೆ ಹೊರಬಹುದಾದ ಆ ಸಿಂಥೆಸೈಜರ್ ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಯುತ್ತಿದ್ದಿತು. ಬೆಲೆ ಮಾತ್ರ ಸುಮಾರು 1,500 ಡಾಲರು. ‘ಆಲಿವರ್!’ ಚಿತ್ರದ ಬಾಲನಟ ಜ್ಯಾಕ್ ವೈಲ್ಡ್ ಅದೊಂದನ್ನು ಕೊಂಡು, ಎರಡು ಮನೆ ಒತ್ತಿದರೂ ಒಂದೇ ಸ್ವರ ಬರುತ್ತದಲ್ಲ, ಇದು ಕೆಟ್ಟುಹೋಗಿದೆ ಎಂದು ಅರ್ಧ ಬೆಲೆಗೆ ತನಗೆ ಮಾರಿದನೆಂದು ಇಂಗ್ಲೆಂಡಿನ ಪ್ರಸಿದ್ಧ ವಾದಕ ರಿಕ್ ವೇಕ್‌ಮನ್ ನಗುತ್ತ ಹೇಳಿಕೊಂಡಿದ್ದಾನೆ. ಅಗ್ಗಕ್ಕೆ ಕೊಂಡವನು ಹೇಳಿದ ಕಥೆಯಾದ್ದರಿಂದ ಒಂದಿಷ್ಟು ಒಗ್ಗರಣೆ ಸೇರಿದ್ದರೂ ಸೇರಿರಬಹುದು.

ಒಂದೊಂದು ನಾದಕ್ಕೂ ಒಂದೊಂದು ಪೆಟ್ಟಿಗೆಯೆಂದು ಕೀಬೋರ್ಡ್ ವಾದಕರು ತಮ್ಮ ಸುತ್ತ ಕೋಟೆ ಕಟ್ಟಿಕೊಂಡು ಕುಳಿತ ಕಾಲವದು. 1983ರಲ್ಲಿ ಆ ಕೋಟೆಯ ಗೋಡೆ ಒಡೆಯಿತು. ಆ ವರ್ಷದ ಜನವರಿಯಲ್ಲಿ ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪೆನಿಯ ಇಕುತಾರೊ ಕಾಕೆಹಾಶಿ, ಇಬ್ಬರ ವಾದ್ಯಗಳನ್ನೂ ಒಂದು ತಂತಿಯಿಂದ ಕೂಡಿಸಿ, ಇದನ್ನು ನುಡಿಸಿದರೆ ಅದೂ ನುಡಿಯುವಂತೆ ಮಾಡಿ ತೋರಿಸಿದರು. ‘ಮಿಡಿ’ ಎಂಬ ಈ ಒಡಂಬಡಿಕೆಯನ್ನು ಪ್ರತಿಸ್ಪರ್ಧಿಗಳು ಕೂಡಿ ಮಾಡಿಕೊಂಡದ್ದು, ಅದು ಇಂದಿಗೂ ಬಳಕೆಯಲ್ಲಿರುವುದು, ಯಂತ್ರಲೋಕದಲ್ಲಿ ಅಪರೂಪದ ಸಂಗತಿ. ಅದೇ ವರ್ಷ ಯಮಾಹ ಕಂಪೆನಿಯ ಡಿಎಕ್ಸ್-7 ಬಂದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಹಿಡಿದ ವಿಧಾನದಿಂದ ನಡೆಯುತ್ತಿದ್ದ ಅದರಲ್ಲಿ 16 ಸ್ವರಗಳು ಒಮ್ಮೆಗೇ ಬರುತ್ತಿದ್ದವು. ಭಾರ ಹದಿನಾಲ್ಕು ಕಿಲೋ ಅಷ್ಟೇ. ಲಕ್ಷಕ್ಕೂ ಹೆಚ್ಚು ಮಾರಾಟವಾದ ಆ ವಾದ್ಯದ ಭರಾಟೆಯಲ್ಲಿ ಹಳೆಯ ಹ್ಯಾಮಂಡುಗಳು ಮೂಲೆ ಸೇರಿದವು. ಬೆನ್ನು ಬಾಗಿದ್ದವರು ನಿಟ್ಟುಸಿರು ಬಿಟ್ಟರು.

ಇಂದು ಮದುವೆಯಲ್ಲೋ ಹೋಟೆಲಿನಲ್ಲೋ ನುಡಿಸಿ ಸಂಸಾರ ಸಾಗಿಸುವ ವಾದಕನು ವೇದಿಕೆಯ ಮೇಲೆ ಏನನ್ನು ಇಟ್ಟುಕೊಳ್ಳುತ್ತಾನೆ? ಸಾಮಾನ್ಯವಾಗಿ ಎರಡು ಅಂತಸ್ತು. ಕೆಳಗಡೆ ಪಿಯಾನೋದಂತೆ ಬೆರಳಿಗೆ ಭಾರವಾಗಿ ತಗಲುವ 88 ಮನೆಗಳ ವಾದ್ಯ. ಮೇಲ್ಗಡೆ ಆರ್ಗನ್ನಿಗೂ ಸಿಂಥೆಸೈಜರಿಗೂ ಹಗುರವಾದ 61 ಅಥವಾ 73 ಮನೆಗಳದ್ದು. ಸ್ವೀಡನ್ನಿನ ಕ್ಲಾವಿಯಾ ಕಂಪೆನಿಯ ಕೆಂಪು ಬಣ್ಣದ ‘ನಾರ್ಡ್’ಗಳು 2001ರಿಂದ ಈ ಪೇಟೆಯನ್ನು ಹಿಡಿದಿವೆ, ಯಮಾಹದ ವೈಸಿ-61 ಎಂಬುದು 2020ರಲ್ಲಿ ಬಂದಿತು, ಅದರ ತೂಕ ಏಳು ಕಿಲೋ. ಒಂದೇ ಕೈಯಲ್ಲಿ ಎತ್ತಬಹುದಾದ ಈ ಹಲಗೆಯೊಳಗೆ ತಿರುಗುವ ಕಹಳೆಯೂ ಉಂಟು, ಒಂಬತ್ತು ಎಳೆಗೋಲುಗಳೂ ಉಂಟು, ಹ್ಯಾಮಂಡನು ಅಟ್ಟಲೆತ್ನಿಸಿದ ‘ಟಿಕ್’ ಸದ್ದೂ ಉಂಟು. ಅದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವ ಅನುಕೂಲವೂ ಉಂಟು! ಮಿನಿಮೂಗಿನ ಅನುಕರಣವೊಂದು 300 ಡಾಲರಿನ ಸುಮಾರಿಗೆ ಸಿಕ್ಕುತ್ತಿರುವಾಗಲೇ, ಮೂಲ ಕಂಪೆನಿ 2022ರಲ್ಲಿ ಮತ್ತೆ ಹೊರತಂದ ಮಿನಿಮೂಗಿಗೆ ಸುಮಾರು 5,000 ಡಾಲರು ಕೊಟ್ಟು ಕೊಂಡವರೂ ಇದ್ದಾರೆ.

ಕೊಳ್ಳುವವನ ಕಣ್ಣು ನಾದದ ಮೇಲಿದ್ದಷ್ಟೇ ತಕ್ಕಡಿಯ ಮೇಲೂ ಇರುತ್ತದೆ. ಅನೇಕ ವಿಮಾನ ಸಂಸ್ಥೆಗಳಲ್ಲಿ ಒಂದು ಸಾಮಾನಿಗೆ 23 ಕಿಲೋವಿನ ಮಿತಿಯುಂಟು. 88 ಮನೆಗಳ ವಾದ್ಯವನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಆ ಮಿತಿ ಅಲ್ಲಿಯೇ ಮುರಿಯಿತು. 73 ಮನೆಗಳದ್ದಾದರೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಮಲಗುತ್ತದೆ. ಪಿಯಾನೋದ ಎರಡು ತುದಿಗಳಲ್ಲಿ ಹದಿನೈದು ಮನೆಗಳನ್ನು ಕಳೆದುಕೊಂಡರೂ ಬಾಡಿಗೆ ಉಳಿಯಿತಲ್ಲ ಎಂಬ ಲೆಕ್ಕ ಅವನದು; ಗೃಹಿಣಿಯೂ ಒಪ್ಪುವಂಥ ಲೆಕ್ಕ. ಇಷ್ಟೆಲ್ಲ ತೂಗಿ ಕೊಂಡವನು ಕಾಲ್ಮಣೆಯ ವಿಷಯದಲ್ಲಿ ಮಾತ್ರ ಜಿಪುಣನಾಗುವುದು ವಿಚಿತ್ರ. ಕತ್ತರಿಯಂತೆ ಮಡಿಸುವ ಅಗ್ಗದ ಸ್ಟ್ಯಾಂಡಿನ ಮೇಲೆ ಲಕ್ಷಗಟ್ಟಲೆ ಬೆಲೆಯ ವಾದ್ಯ ತೂಗಾಡುತ್ತಿರುವುದನ್ನು ಯಾವ ಊರಿನ ವೇದಿಕೆಯ ಮೇಲೂ ನೋಡಬಹುದು.

ಗಣಕಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಆಪಲ್ ಕಂಪೆನಿಯ ‘ಮೇನ್‌ಸ್ಟೇಜ್’ನಂತಹ ತಂತ್ರಾಂಶದಿಂದ ಎಲ್ಲ ನಾದಗಳನ್ನೂ ಪಡೆಯುವವರೂ ಇದ್ದಾರೆ. ಹಾಡಿನ ನಡುವೆ ಯಂತ್ರವು ಮೂಕವಾಗಿ ನಿಂತರೆ ಗತಿಯೇನೆಂಬ ಭಯ ಇವರನ್ನು ಬಿಟ್ಟಿಲ್ಲ. ಆದುದರಿಂದ ಅನುಭವಿಗಳು ಸ್ವತಂತ್ರವಾಗಿ ನುಡಿಯಬಲ್ಲ ಒಂದು ಕೀಬೋರ್ಡನ್ನು ಆಪದ್ಬಂಧುವಾಗಿ ಪಕ್ಕದಲ್ಲಿಯೇ ಇಟ್ಟುಕೊಂಡಿರುತ್ತಾರೆ.

ದೋಷವನ್ನು ಗುಣವಾಗಿ ಎಣಿಸುವ ಈ ವಿಚಾರವನ್ನು ಭಾರತದ ಸಂಗೀತಗಾರರು ತಿರುವುಮುರುವಾಗಿ ಅನುಭವಿಸಿದ್ದಾರೆ. ಹಾರ್ಮೋನಿಯಮ್ಮಿನ ಮನೆಗಳ ನಡುವೆ ಜಾರಲು ದಾರಿಯಿಲ್ಲ, ಗಮಕಕ್ಕೆ ಎಡೆಯಿಲ್ಲವೆಂಬ ಕಾರಣದಿಂದ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ಬಹಿಷ್ಕರಿಸಿತು. 1971ರಲ್ಲಿ ಕಟ್ಟು ಸಡಿಲವಾಗುವವರೆಗೆ ಆ ವಾದ್ಯಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಮೂಗನ ವಾದ್ಯದ ಎಡಬದಿಗೆ ಇದ್ದ ಸಣ್ಣ ಚಕ್ರವೊಂದು ಸ್ವರವನ್ನು ಬಗ್ಗಿಸುತ್ತದೆ. ಆಮೇಲಿನ ಬಹುತೇಕ ಕೀಬೋರ್ಡುಗಳಲ್ಲಿ ಅಂಥ ಏರ್ಪಾಡುಂಟು. ಪಾಶ್ಚಾತ್ಯ ವಾದಕನು ಗಿಟಾರಿನ ಎಳೆತವನ್ನು ಅನುಕರಿಸಲು ಬಳಸಿದ ಅದನ್ನೇ ಚೆನ್ನೈನ ಕೆ. ಸತ್ಯನಾರಾಯಣನ್‌ರಂತಹ ವಾದಕರು ಗಮಕಕ್ಕೆ ಹಿಡಿದು, ಕರ್ನಾಟಕ ಸಂಗೀತದ ಪೂರ್ಣ ಕಚೇರಿಯನ್ನೇ ಕೀಬೋರ್ಡಿನಲ್ಲಿ ನಡೆಸಿದ್ದಾರೆ. ಬಲಗೈ ಸ್ವರ ಹಿಡಿದರೆ ಎಡಗೈ ಅದನ್ನು ತೂಗುತ್ತದೆ. ತೋಡಿಯ ಗಾಂಧಾರವನ್ನು ಹೀಗೆ ತೂಗುವುದು ಎಷ್ಟು ದುಸ್ಸಾಧ್ಯವೆಂಬುದು ವೀಣೆ ಕಲಿತವರಿಗೆ ಗೊತ್ತು.

ಹಗುರ ಹಲಗೆಗಳ ಈ ದಿನಗಳಲ್ಲಿಯೂ ಭಾರದ ಆರ್ಗನ್ನುಗಳು ವೇದಿಕೆಯಿಂದ ಇಳಿದಿಲ್ಲ. ಹ್ಯಾಮಂಡ್ ಹೆಸರನ್ನು ಕೊಂಡ ಜಪಾನಿನ ಸುಜುಕಿ ಕಂಪೆನಿ 2002ರಲ್ಲಿ ಹೊಸ ಬಿ-3ಯನ್ನು ತಂದಾಗ ಗಾಲಿಗಳನ್ನು ಬಿಟ್ಟುಕೊಟ್ಟಿತು, ಮರದ ಮೈಯನ್ನು ಬಿಡಲಿಲ್ಲ. ‘ಡೀಪ್ ಪರ್ಪಲ್’ ಮೇಳದ ಜಾನ್ ಲಾರ್ಡ್, ಲೆಸ್ಲಿಯ ಪೆಟ್ಟಿಗೆಯ ಬದಲು ಗಿಟಾರಿನವರ ಮಾರ್ಷಲ್ ವರ್ಧಕಕ್ಕೆ ತನ್ನ ಹ್ಯಾಮಂಡನ್ನು ಜೋಡಿಸಿ ಗುಡುಗಿಸಿದವನು. ತನ್ನ ಹಳೆಯ ಸಿ-3 ಆರ್ಗನ್ನು ಸೋತಾಗ, ‘ಫ್ಲೀಟ್‌ವುಡ್ ಮ್ಯಾಕ್’ ಮೇಳದ ಕ್ರಿಸ್ಟೀನ್ ಮ್ಯಾಕ್‌ವೀ ಬಳಿಯಿದ್ದ ಇನ್ನೊಂದನ್ನು 1973ರಲ್ಲಿ ಕೊಂಡನು. 2002ರಲ್ಲಿ ಮೇಳವನ್ನು ಬಿಟ್ಟಾಗ ಅದನ್ನು ಮನೆಗೆ ಒಯ್ಯದೆ ತನ್ನ ಸ್ಥಾನಕ್ಕೆ ಬಂದ ಡಾನ್ ಏರಿಗೆ ಒಪ್ಪಿಸಿದನು. ಲಾರ್ಡ್ 2012ರಲ್ಲಿ ಗತಿಸಿದನು. ಆ ಆರ್ಗನ್ನನ್ನು ಲಾರಿಯಿಂದ ಇಳಿಸಿ ವೇದಿಕೆಗೆ ಏರಿಸಿದ ಕೂಲಿಯವರ ಅಭಿಪ್ರಾಯವನ್ನು ಯಾವ ಸಂಗೀತ ವಿಮರ್ಶಕನೂ ಕೇಳಿದಂತಿಲ್ಲ.