ಮಾರ್ಕ್ಸ್ ಇಲ್ಲದ ಒಂದು ಪುಟ

ಐಂಡ್‌ಹೋವನ್‌ನಲ್ಲಿ ಓದುವ ನಮಗೆ ನ್ಯೂನೆನ್ ಊರು ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ. ಆ ಕಡೆಯ ಸೈಕಲ್ ದಾರಿಯ ಒಂದು ತುಣುಕಿನಲ್ಲಿ ಹಗಲ ಬೆಳಕನ್ನು ಹೀರಿಕೊಂಡು ರಾತ್ರಿ ಮಿನುಗುವ ಸಾವಿರಾರು ಕಲ್ಲುಗಳಿವೆ. ವಿನ್ಸೆಂಟ್ ವ್ಯಾನ್ ಗೋನ ನಕ್ಷತ್ರದ ರಾತ್ರಿಯ ಚಿತ್ರವನ್ನು ನೆನೆದು 2014ರಲ್ಲಿ ಮಾಡಿದ ದಾರಿ ಅದು. ಊರಿಂದ ಯಾರಾದರೂ ಬಂದರೆ ಅಲ್ಲಿಗೆ ಕರಕೊಂಡು ಹೋಗ್ತೇವೆ, ಫೋಟೋ ತೆಗೀತೇವೆ, ಸ್ಟೇಟಸ್‌ಗೆ ಹಾಕ್ತೇವೆ. ಆದರೆ ಆ ಮನುಷ್ಯ ನ್ಯೂನೆನ್‌ನಲ್ಲಿ ಏನು ಮಾಡ್ತಿದ್ದ ಅಂತ ನಾವು ಕೇಳಿಕೊಂಡದ್ದು ಈಚೆಗೆ.

ಅವನು ಚಿತ್ರ ಬರೀತಿದ್ದ, ಕಾಗದ ಬರೀತಿದ್ದ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಇರೋದು ಎಷ್ಟು ಚೆನ್ನ! ಕಲಾಕೃತಿ ಮಾರುವ ಅಂಗಡಿ, ಶಾಲೆ, ಪುಸ್ತಕದಂಗಡಿ, ಧರ್ಮಪ್ರಚಾರ, ಯಾವುದೂ ಕೈಹಿಡಿಯದೆ 1880ರಲ್ಲಿ, 27ನೇ ವಯಸ್ಸಿಗೆ, ಚಿತ್ರಕಾರನಾಗ್ತೀನಿ ಅಂತ ಹೊರಟವನು. ನಮ್ಮೂರಲ್ಲಾಗಿದ್ದರೆ 'ಸೆಟ್ಲ್ ಆಗಲಿಲ್ಲ' ಅಂತಿದ್ರು. 1883ರ ಕೊನೆಗೆ ಅಪ್ಪ-ಅಮ್ಮ ಇದ್ದ ನ್ಯೂನೆನ್‌ಗೆ ಬಂದ. ಸುಮಾರು ಎರಡು ವರ್ಷ ರೈತರ, ನೇಕಾರರ ಮುಖಗಳನ್ನು, ಕೈಗಳನ್ನು ಮತ್ತೆ ಮತ್ತೆ ಬರೆದ. 1885ರ ಮಾರ್ಚ್‌ನಲ್ಲಿ ಅಪ್ಪ ತೀರಿಕೊಂಡರು. ಅದಾದ ಮೇಲಿನ ವಾರಗಳಲ್ಲಿ ಮುಗಿಸಿದ್ದು 'ಆಲೂಗಡ್ಡೆ ತಿನ್ನುವವರು'. ಆ ಚಿತ್ರದ ಕಲ್ಲಚ್ಚಿನ ಪ್ರತಿ ನೋಡಿ ಗೆಳೆಯ ವ್ಯಾನ್ ರಾಪಾರ್ಡ್ ಕಟುವಾಗಿ ಟೀಕಿಸಿದ, ಗೆಳೆತನವೇ ಮುರಿಯಿತು. ಆದರೂ ವ್ಯಾನ್ ಗೋ ಆ ಚಿತ್ರವನ್ನು ಬಿಟ್ಟುಕೊಡಲಿಲ್ಲ. ಯಾಕೆ ಹಾಗೆ ಬರೆದೆ ಅನ್ನುವುದನ್ನು ತಮ್ಮ ಥಿಯೋಗೆ ಬರೆದ ಪತ್ರದಲ್ಲಿ ಬಿಡಿಸಿ ಹೇಳಿದ: ತಟ್ಟೆಗೆ ಚಾಚಿದ ಆ ಕೈಗಳೇ ನೆಲ ಅಗೆದ ಕೈಗಳು, ಅದು ಕಾಣಬೇಕು ಅಂತ.

ಅವನ 800ಕ್ಕೂ ಹೆಚ್ಚು ಪತ್ರ ಉಳಿದಿವೆ, 650ಕ್ಕೂ ಹೆಚ್ಚು ಥಿಯೋಗೆ ಬರೆದವು. ಪುಟದ ನಡುವೆಯೇ ಸಣ್ಣ ಚಿತ್ರಗಳು. ಬಣ್ಣದ ಖರ್ಚು, ಕಳಿಸಿದ ದುಡ್ಡಿಗೆ ಥ್ಯಾಂಕ್ಸ್, ಸಾಲದ ಸಂಕೋಚ ಎಲ್ಲವೂ ಇದೆ. ತಮ್ಮ ತಿಂಗಳು ತಿಂಗಳು ಕಳಿಸಿದ ಹಣದಲ್ಲೇ ಅವನು ಬದುಕಿದ್ದು. ಎಜುಕೇಶನ್ ಲೋನ್ ಹೊತ್ತು ಬಂದ ನಮಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕೇ ನಮ್ಮ ಮೊದಲ ಮಾತು: ಸ್ವಾತಂತ್ರ್ಯ ಅನ್ನೋದು ಸಾಲ ತೀರಿದ ಮೇಲೆ, ಪಿಆರ್ ಸಿಕ್ಕಿದ ಮೇಲೆ, ಮನೆ ತಗೊಂಡ ಮೇಲೆ ಬರುವ ಸಾಮಾನಲ್ಲ. ಸಾಲದ ಮಧ್ಯೆಯೇ ಒಂದು ಪುಟದಷ್ಟು ಜಾಗ ಮಾಡಿಕೊಳ್ಳಬಹುದು.

ನಮ್ಮ ತೊಂದರೆ ಬೇರೆ. ನಾವು ಚಿಕ್ಕಂದಿನಿಂದ ಬರೆದದ್ದೆಲ್ಲ ಯಾರಿಗೋ ತೋರಿಸಲಿಕ್ಕೆ. ಪ್ರಬಂಧ ಗೈಡಿನಿಂದ, ಚಿತ್ರ ರೆಕಾರ್ಡ್ ಪುಸ್ತಕಕ್ಕೆ. ಹೃದಯದ ಚಿತ್ರ ಬರೆದು ನಾಲ್ಕು ಭಾಗ ಗುರುತಿಸಿದರೆ ಐದು ಮಾರ್ಕ್ಸ್! ಈಗ ಥೀಸಿಸ್ ಇಂಗ್ಲಿಷ್‌ನಲ್ಲಿ, ಅಂಗಡಿಯಲ್ಲಿ ಹರುಕು ಡಚ್, ಕನ್ನಡ ಅಂದರೆ ಅಮ್ಮನ ಹತ್ತಿರ ಫೋನಲ್ಲಿ 'ಊಟ ಆಯ್ತು' ಅನ್ನುವಷ್ಟು. ಖಾಲಿ ಹಾಳೆ ಕೊಟ್ಟರೆ, 'ಅಯ್ಯೋ ನಂಗೆ ಬರಲ್ಲ ಮಾರಾಯ' ಅಂತೇವೆ. ಬರಲ್ಲ ಅನ್ನುವುದರ ಅರ್ಥ, ತಪ್ಪಾದರೆ ಯಾರಾದರೂ ನೋಡಿಬಿಡ್ತಾರೆ ಅಂತ.

ಕಳೆದ ವರ್ಷ ಥೀಸಿಸ್ ಕೊಡಲು ಒಂಬತ್ತು ದಿನ ಇರುವಾಗ ನಮ್ಮಲ್ಲೊಬ್ಬನ ಅಜ್ಜಿ ತೀರಿಕೊಂಡರು. ಹೋಗಲಾಗಲಿಲ್ಲ. ವಿಡಿಯೋ ಕಾಲ್‌ನಲ್ಲಿ ಕೊನೆಯ ದರ್ಶನ, ಸೂಪರ್‌ವೈಸರ್‌ಗೆ ಇಂಗ್ಲಿಷ್‌ನಲ್ಲಿ ಎರಡು ಸಾಲಿನ ಮೇಲ್. ಅಳಲೂ ಇಲ್ಲ ಅವನು. ಎರಡು ವಾರದ ಮೇಲೆ ಒಂದು ರಾತ್ರಿ, ಅಜ್ಜಿ ಹಲಸಿನಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದುದನ್ನು ಕನ್ನಡದಲ್ಲಿ ಬರೆಯಲು ಕೂತ. ಒತ್ತಕ್ಷರ ಮರೆತುಹೋಗಿದ್ದವು. ಪದ ಸಿಗದ ಕಡೆ ಕೈಯ ಚಿತ್ರವನ್ನೇ ಬರೆದ. 'ಆಗ ಅಳು ಬಂತು ಕಣ್ರೋ' ಅಂದ. ಆ ಪುಟ ನಮಗೆ ತೋರಿಸಿಲ್ಲ. ನಾವೂ ಕೇಳಿಲ್ಲ.

ಬರೀ ಮನಸ್ಸಿಗೆ ಬಂದದ್ದನ್ನು ಗೀಚಿದರೆ ಸಾಹಿತ್ಯ ಆಗುತ್ತಾ ಅಂತ ಕೇಳಬಹುದು. ಆಗದಿರಬಹುದು. ಆದರೆ ಆರಂಭ ಅಲ್ಲೇ. ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ 1942ರಲ್ಲಿ 13ನೇ ಹುಟ್ಟುಹಬ್ಬಕ್ಕೆ ಸಿಕ್ಕ ಪುಸ್ತಕದಲ್ಲಿ ತನಗೋಸ್ಕರ ಬರೆಯತೊಡಗಿದಳು. ಯುದ್ಧಕಾಲದ ದಿನಚರಿಗಳನ್ನು ಕಾಪಾಡಿಡಿ ಅಂತ 1944ರಲ್ಲಿ ರೇಡಿಯೋದಲ್ಲಿ ಡಚ್ ಮಂತ್ರಿಯೊಬ್ಬರು ಹೇಳಿದ್ದನ್ನು ಕೇಳಿದ ಮೇಲೆ, ಅದನ್ನೇ ತಿದ್ದಿ ಮತ್ತೆ ಬರೆಯಲು ಕೂತಳು. ತಿದ್ದುವ ಶಿಸ್ತು ಬೇಕು, ಆದರೆ ತಿದ್ದಲಿಕ್ಕೆ ಮೊದಲು ಹೆದರದೆ ಬರೆದದ್ದೊಂದು ಇರಬೇಕಲ್ಲ?

ಹಾಗಾಗಿ ನಮ್ಮ ಸಂಘಕ್ಕೇ ಒಂದು ಮಾತು. ರಾಜ್ಯೋತ್ಸವಕ್ಕೆ ಪ್ರಬಂಧ ಸ್ಪರ್ಧೆ, ಚಿತ್ರ ಸ್ಪರ್ಧೆ ಇಡ್ತೇವೆ. ಮೂವರಿಗೆ ಬಹುಮಾನ, ಉಳಿದವರು ಚಪ್ಪಾಳೆ ತಟ್ಟಿ ಮನೆಗೆ. ಈ ಸಲ ಒಂದು ಮೇಜನ್ನು ಬಹುಮಾನ ಇಲ್ಲದೆ ಇಡೋಣ. ಹಾಳೆ, ಪೆನ್ನು, ಅಗ್ಗದ ಜಲವರ್ಣದ ಡಬ್ಬಿ ಸಾಕು. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲಾಗುವ ಈ ದೇಶದಲ್ಲಿ ತಿಂಗಳಿಗೊಂದು ಭಾನುವಾರ ಯಾರದಾದರೂ ಅಡುಗೆಮನೆಯಲ್ಲಿ ಸೇರೋಣ. ಒಂದು ಗಂಟೆ ಫೋನ್ ದೂರ, ಆಮೇಲೆ ಕಾಫಿ. ತೋರಿಸಲೇಬೇಕು ಅಂತಿಲ್ಲ.

ಮುಂದಿನ ವರ್ಷದ ಈ ಪುಸ್ತಿಕೆಗೆ ಬರಹ ಕಳಿಸಿ ಅಂತ ಸಂಪಾದಕರು ಹೇಗೂ ಕೇಳ್ತಾರೆ. ಕಳಿಸಿ, ಖಂಡಿತ ಕಳಿಸಿ. ಅದಕ್ಕೂ ಮೊದಲು, ಕಳಿಸದೇ ಇರುವಂಥದ್ದೊಂದನ್ನು ಬರೆಯಿರಿ.